ಸದಾಶಿವಗಡ, ಮೂರು ಸಲ

ಮೊದಲ ದಿನ, ಶುಕ್ರವಾರ

ಭಾವ ಕೆಲಸಕ್ಕೆ ಸೇರಿದ್ದು 1982ರಲ್ಲಿ. ಕಾಳಿ ನದಿಗೆ ಸೂಪಾ ಅಣೆಕಟ್ಟು ಏಳುತ್ತಿದ್ದ ಕಾಲ. ಗಣೇಶಗುಡಿಯಲ್ಲಿ ಐದು ವರ್ಷ, ಅಂಬಿಕಾನಗರದಲ್ಲಿ ಮೂರು ವರ್ಷ ಇದ್ದು, ಆಮೇಲೆ ಶರಾವತಿ ಕಡೆ ವರ್ಗವಾಗಿ ಅಲ್ಲೇ ನಿವೃತ್ತರಾದರು. ಊಟಕ್ಕೆ ಕೂತಾಗ ಅವರದ್ದೊಂದು ಮಾತು ಇದ್ದೇ ಇತ್ತು. "ಕಾಳಿಯ ತಲೆ ನೋಡಿದ್ದೀನಿ, ಹೊಟ್ಟೆ ನೋಡಿದ್ದೀನಿ. ಕಾಲು ಮಾತ್ರ ನೋಡಿಲ್ಲ ಮಾರಾಯ." ಎಂಟು ವರ್ಷ ಆ ಹೊಳೆಯ ಜೊತೆಗಿದ್ದೂ ಅದು ಸಮುದ್ರ ಸೇರುವ ಜಾಗ ನೋಡಿರಲಿಲ್ಲ. ಜಿಲ್ಲಾ ಕೇಂದ್ರ ಕಾರವಾರವೇ ಆದರೂ ಅವರ ಓಡಾಟವೆಲ್ಲ ದಾಂಡೇಲಿ, ಧಾರವಾಡದ ಕಡೆಗೇ ಇತ್ತಂತೆ.

2024ರ ಡಿಸೆಂಬರ್‌ನಲ್ಲಿ ಅಂತೂ ಹೊರಟೆವು. ಅಕ್ಕನದು ಒಂದೇ ಷರತ್ತು. "ಅವರ ಮೊಣಕಾಲು ಸರಿ ಇಲ್ಲ. ಎಲ್ಲೆಲ್ಲೋ ಬೆಟ್ಟ ಹತ್ತಿಸಬೇಡ." ನನಗೂ ಐವತ್ತು ದಾಟಿದೆ. ಕುಮಾರಪರ್ವತ ಹತ್ತಿದ್ದೆ ಅಂತ ಹೇಳಿಕೊಳ್ಳುವುದಷ್ಟೇ ಈಗ ಉಳಿದಿರುವುದು. ಹಾಗಾಗಿ ಚಿಕ್ಕ ಗುಡ್ಡವೇ ನಮಗೆ ಸರಿ. ಕಾಳಿ ನದಿಯ ಬಾಯಲ್ಲೇ, ಉತ್ತರ ದಂಡೆಯ ಮೇಲೆ ಸದಾಶಿವಗಡ ಇದೆ. ಎತ್ತರ ಇನ್ನೂರು ಚಿಲ್ಲರೆ ಅಡಿ, ಅಷ್ಟೇ.

ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್. ಸಕಲೇಶಪುರದ ಘಾಟಿ ರಾತ್ರಿಯಲ್ಲೇ ಕಳೆದುಹೋಯಿತು, ನೋಡಲಿಲ್ಲ. ಬೆಳಿಗ್ಗೆ ಶಿರವಾಡದಲ್ಲಿ ಇಳಿದೆವು. ಕಾರವಾರದ ರೈಲು ನಿಲ್ದಾಣ ಇರುವುದು ಅಲ್ಲಿ, ಊರಿನಿಂದ ದೂರ. ಆಟೋದವನು ಕೇಳಿದ್ದನ್ನು ಕೊಟ್ಟೆವು. ಲಾಡ್ಜಿನಲ್ಲಿ ಬಿಸಿನೀರು ಬರಲಿಲ್ಲ. ಇಂಥದ್ದನ್ನೆಲ್ಲ ಬರೆಯುತ್ತಾ ಕೂತರೆ ಗುಡ್ಡ ಹತ್ತುವುದಕ್ಕೆ ಆಗುವುದಿಲ್ಲ.

ಮಧ್ಯಾಹ್ನ ಮೀನೂಟ. ಬಾಂಗ್ಡೆ ಫ್ರೈ, ತಿಸ್ರೆ ಸುಕ್ಕ, ಕೊನೆಗೆ ಸೋಲ್ ಕಡಿ. ಭಾವ ಸೋಲ್ ಕಡಿಯನ್ನು ಮೂರು ಲೋಟ ಕುಡಿದರು. ನಾಲ್ಕನೆಯದಕ್ಕೆ ಕೈ ಮುಂದೆ ಮಾಡಿದಾಗ ನಾನೇ ತಡೆದೆ.

ಸಂಜೆ ನಾಲ್ಕೂವರೆಗೆ ಕೋಡಿಬಾಗ ದಾಟಿ ಸೇತುವೆ ಹತ್ತಿದೆವು. ಒಂದೇ ಸೇತುವೆ. ಪಕ್ಕದ ಹಳೇದು ಆ ವರ್ಷದ ಆಗಸ್ಟ್ 7ರ ನಡುರಾತ್ರಿ ಮುರಿದು ಬಿದ್ದಿತ್ತು. ಆಗ ಅದರ ಮೇಲಿದ್ದ ಒಂದು ಲಾರಿಯೂ ನೀರಿಗೆ ಬಿತ್ತು. ಮೀನುಗಾರರು, ಪೊಲೀಸರು ಸೇರಿ ಚಾಲಕನನ್ನು ಬದುಕಿಸಿದರು. ಈಗ ಗೋವಾ ಕಡೆ ಹೋಗುವ, ಬರುವ ವಾಹನಗಳೆಲ್ಲ ಉಳಿದ ಸೇತುವೆಯ ಮೇಲೆಯೇ. ಆಟೋದಲ್ಲಿ ನಮ್ಮ ಮಾತು ತಾನಾಗಿಯೇ ನಿಂತಿತು. ಆಚೆ ದಡ ಮುಟ್ಟಿದ ಮೇಲೆ ಭಾವ ಅಂದರು, "ಅದನ್ನು ಕಟ್ಟಿದ್ದು ನಾವು ಸೂಪಾದಲ್ಲಿ ಕಾಂಕ್ರೀಟ್ ಹಾಕ್ತಿದ್ದ ಕಾಲಕ್ಕೇ. ಅದಕ್ಕೂ ಮುಂಚೆ ಇಲ್ಲಿ ದಾಟೋಕೆ ದೋಣಿಯೇ ಗತಿ."

ಸೇತುವೆ ಮುಗಿಯುತ್ತಿದ್ದ ಹಾಗೆ ಹೆದ್ದಾರಿ ಗುಡ್ಡವನ್ನೇ ಕಡಿದುಕೊಂಡು ಹೋಗುತ್ತದೆ. ಎರಡೂ ಕಡೆ ಎತ್ತರದ ಗೋಡೆಯ ಹಾಗೆ ನಿಂತ ಕಲ್ಲು, ಮಣ್ಣು. ಮೇಲಿನವರೆಗೂ ಗಾಡಿ ರಸ್ತೆ ಇದೆ. ನಾವು ಮಾತ್ರ ಕೆಳಗೇ ಇಳಿದು ನಡೆದೆವು. ಇಪ್ಪತ್ತು ನಿಮಿಷದ ದಾರಿ. ಎರಡು ಸಲ ನಿಂತೆವು. ಒಂದು ಸಲ ಮೊಣಕಾಲಿಗಾಗಿ. ಇನ್ನೊಂದು ಸಲ, ನಿಜ ಹೇಳಬೇಕೆಂದರೆ, ಸೋಲ್ ಕಡಿಗಾಗಿ.

ಮೇಲೆ ಹೋಗಿ ನೋಡಿದರೆ ಜಾತ್ರೆ. ಶುಕ್ರವಾರ ಸಂಜೆ, ಗೋವಾ ಕಡೆ ಹೊರಟವರೂ ಅಲ್ಲಿಂದ ವಾಪಸು ಹೊರಟವರೂ ಒಟ್ಟಿಗೇ ಸೂರ್ಯಾಸ್ತಕ್ಕೆ ಬಂದು ನಿಂತಿದ್ದರು. ಸಮುದ್ರದ ಮೇಲೆ ಮಬ್ಬು. ಸೂರ್ಯ ನೀರು ಮುಟ್ಟುವ ಮೊದಲೇ ಆ ಮಬ್ಬಿನೊಳಗೆ ಕರಗಿಹೋದ. ಎಲ್ಲರೂ ಫೋನ್ ಇಳಿಸಿದರು. ನಾನೂ ಇಳಿಸಿದೆ.

ಭಾವ ಎಡಗಡೆ ನೋಡಿದರು, ಬಲಗಡೆ ನೋಡಿದರು. "ಸೂಪಾ ಅಣೆಕಟ್ಟು 101 ಮೀಟರ್. ಈ ಗುಡ್ಡಕ್ಕಿಂತ ನಾವು ಕಟ್ಟಿದ್ದೇ ಎತ್ತರ" ಅಂದರು. ಅಷ್ಟೇ, ಮತ್ತೆ ಮಾತಿಲ್ಲ. ನಲವತ್ತು ವರ್ಷ ಕಾದವರಿಗೆ ಇದು ಸಾಲದಾಯಿತೇನೋ ಅನ್ನಿಸಿ ನನಗೇ ಬೇಜಾರಾಯಿತು. ಇಳಿಯುವಾಗ ಕತ್ತಲಾಗಿತ್ತು. ದೂರದಲ್ಲಿ ದೇವಗಡ ದ್ವೀಪದ ದೀಪಸ್ತಂಭ ಒಂದೊಂದೇ ಸಲ ಮಿಂಚಿ ಆರುತ್ತಿತ್ತು.

ಲಾಡ್ಜಿಗೆ ಬಂದು ಪೇಪರ್ ಓದಲು ಕೂತಾಗ ಗೊತ್ತಾಯಿತು, ಭಾವನ ಕನ್ನಡಕ ಡಬ್ಬಿ ಸಮೇತ ಗುಡ್ಡದ ಮೇಲೆಯೇ ಉಳಿದಿದೆ.

ಎರಡನೇ ದಿನ, ಶನಿವಾರ

ಬನ್ಸ್ ಬೇಕು ಅಂತ ಏಳೂವರೆಗೆ ಹೋಟೆಲ್ಲಿಗೆ ಹೋದರೆ ಖಾಲಿ. "ಆರೂವರೆಗೆ ಬನ್ನಿ ಸಾಹೇಬ್ರೆ" ಅಂದ ಮಾಣಿ. ಪುರಿ ಬಾಜಿ ತಿಂದು ಮಾಜಾಳಿಯ ಬಸ್ಸು ಹತ್ತಿದೆವು.

ಇವತ್ತಿನ ಲೆಕ್ಕ ತೀಳಮಾತಿ. ಕೊಂಕಣಿಯಲ್ಲಿ ತೀಳ ಅಂದರೆ ಎಳ್ಳು, ಮಾತಿ ಅಂದರೆ ಮಣ್ಣು. ಮಾಜಾಳಿಯ ಬಿಳಿ ಮರಳಿನ ದಂಡೆ ಮುಗಿದ ಮೇಲೆ ಒಂದು ಕಲ್ಲುಗುಡ್ಡ. ಅದನ್ನು ದಾಟಿದರೆ ಕಪ್ಪು ಮರಳಿನ ಪುಟ್ಟ ಕೊಲ್ಲಿ. ಅದರಾಚೆಯ ಗುಡ್ಡ ದಾಟಿದರೆ ಗೋವಾದ ಪೋಳೆಂ. ಕರ್ನಾಟಕದ ಕರಾವಳಿ ಅಲ್ಲಿಗೆ ಮುಗಿಯಿತು.

ದಂಡೆಯಲ್ಲಿ ರಂಪಣಿ ಎಳೆಯುತ್ತಿದ್ದರು. ಇದನ್ನು ಮಾತ್ರ ನಿಂತು ನೋಡಬೇಕು. ದೋಣಿಯಲ್ಲಿ ಹೋಗಿ ಬಲೆಯನ್ನು ಸಮುದ್ರದಲ್ಲಿ ಕಮಾನಿನ ಹಾಗೆ ಬಿಟ್ಟು ಬಂದಿರುತ್ತಾರೆ. ಅದರ ಎರಡು ತುದಿಯ ಹಗ್ಗ ದಂಡೆಯಲ್ಲಿ ಎರಡು ಗುಂಪಿನ ಕೈಲಿ. ಗಂಡಸರು, ಹೆಂಗಸರು ಎಲ್ಲರೂ ಹಗ್ಗಕ್ಕೆ ಬೆನ್ನು ಕೊಟ್ಟು ಹಿಂದಕ್ಕೆ ಹೆಜ್ಜೆ ಹಾಕುತ್ತಾರೆ. ತೀರಾ ಹಿಂದೆ ಹೋದವರು ಹಗ್ಗ ಬಿಟ್ಟು ಓಡಿ ಬಂದು ಮತ್ತೆ ನೀರಿನ ಹತ್ತಿರ ಹಿಡಿಯುತ್ತಾರೆ. ಎರಡು ಗುಂಪೂ ನಿಧಾನವಾಗಿ ಹತ್ತಿರ ಬರುತ್ತವೆ. ಭಾವ ಚಪ್ಪಲಿ ಬಿಟ್ಟು ಹಗ್ಗ ಹಿಡಿದೇಬಿಟ್ಟರು. ಒಬ್ಬ ಅಜ್ಜಿ ಅವರ ಕೈಯ ಹಿಡಿತ ಸರಿಮಾಡಿದಳು. ಅರ್ಧ ಗಂಟೆಯ ಮೇಲೆ ಬಲೆ ಬಂತು. ಅದರ ತುಂಬ ತಾರ್ಲೆ, ನಡುನಡುವೆ ನಾಲ್ಕಾರು ಬಾಂಗ್ಡೆ. ಮೀನು ಮರಳ ಮೇಲೆ ಬಿದ್ದು ಬಡಿಯುವ ಸದ್ದು, ಹಂಚಿನ ಮಾಡಿಗೆ ಜಡಿಮಳೆ ಹೊಡೆದ ಹಾಗೆ. ಹಗ್ಗ ಎಳೆದಿದ್ದಕ್ಕೆ ಭಾವನಿಗೂ ಒಂದು ಹಿಡಿ ತಾರ್ಲೆ ಸಿಕ್ಕಿತು. ಲಾಡ್ಜಿನಲ್ಲಿ ಅದನ್ನು ಎಲ್ಲಿ ಬೇಯಿಸುವುದು? ಅಜ್ಜಿಗೇ ವಾಪಸು ಕೊಟ್ಟೆವು.

ತೀಳಮಾತಿ ಅಂದಾಗ ಒಬ್ಬ ಹುಡುಗ ಸಮುದ್ರ ನೋಡಿ, "ಈಗ ಭರತಿ. ಕೆಳಗಿನ ಕಲ್ಲಿನ ಮೇಲೆ ಹೋಗಬೇಡಿ, ಗುಡ್ಡದ ಮೇಲಿನಿಂದ ಹೋಗಿ" ಅಂದ. ಇಲ್ಲಿಯವರಿಗೆ ಉಬ್ಬರ ಭರತಿ, ಇಳಿತ ಸುಕತಿ. ಅವನು ಹೇಳಿದ್ದು ಕಿವಿಗೆ ಬಿತ್ತು. ಆದರೂ ಕೆಳಗಿನ ದಾರಿ ಹತ್ತಿರ ಅನ್ನಿಸಿತು ನನಗೆ.

ಹತ್ತು ಹೆಜ್ಜೆ ಹೋಗಿರಬಹುದು. ಪಾಚಿ ಕಟ್ಟಿದ ಕಲ್ಲು. ಒಂದು ಅಲೆ ಬಂದು ಮೊಣಕಾಲು ಮುಟ್ಟಿತು. ನಾನು ಬಿದ್ದಿದ್ದು ಬಂಡೆಯ ಕಡೆಗೆ, ಪುಣ್ಯ. ಅಂಗೈ ತರಚಿತು. ಎಡಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತು ಬಂತು. ಭಾವ ಮೇಲಿನಿಂದ, "ಯಾರ ಮೊಣಕಾಲು ಸರಿ ಇಲ್ಲ ಅಂದಿದ್ದು ನಿನ್ನ ಅಕ್ಕ?" ಅಂದರು. ದಂಡೆಯಲ್ಲಿ ಬಿದ್ದಿದ್ದ ನೀಲಿ ಬಲೆಯ ದಾರ ಆರಿಸಿ ತಂದು, ಎರಡು ಸುತ್ತು ಹಾಕಿ, ಹಲ್ಲಿನಿಂದ ಗಂಟು ಬಿಗಿದು ಚಪ್ಪಲಿ ಕಟ್ಟಿಕೊಟ್ಟರು. ಆ ಗಂಟು ಬೆಂಗಳೂರಿಗೆ ಬಂದ ಮೇಲೂ ಬಿಚ್ಚಿಲ್ಲ.

ಗುಡ್ಡದ ಮೇಲಿನ ಕಾಲುದಾರಿ ಏನೂ ಕಷ್ಟವಿಲ್ಲ. ಒಣಹುಲ್ಲು, ಗೇರು ಗಿಡ, ಕೇದಗೆ ಪೊದೆ. ನೆತ್ತಿಯಲ್ಲಿ ಒಮ್ಮೆಲೇ ಗಾಳಿ ಮುಖಕ್ಕೆ ಹೊಡೆಯುತ್ತದೆ. ಹಿಂದೆ ಮಾಜಾಳಿಯ ಉದ್ದನೆಯ ದಂಡೆ. ಅಲ್ಲಿ ರಂಪಣಿಯ ಜನ ಈಗ ಇರುವೆ ಸಾಲು. ಮುಂದೆ, ಕಾಲಡಿಯಲ್ಲಿ, ಯಾರೋ ಚೀಲ ಬಿಚ್ಚಿ ಕರಿ ಎಳ್ಳು ಸುರಿದ ಹಾಗಿರುವ ಕೊಲ್ಲಿ. ಅಲೆಯ ನೊರೆ ಬಿಳಿ ಮರಳಿನ ಮೇಲೆ ಬಂದಾಗ ನಮಗೆ ಕಾಣುವುದೇ ಇಲ್ಲ. ಇಲ್ಲಿ ಕಪ್ಪಿನ ಮೇಲೆ ಬಂದು, ಹರಡಿ, ಒಂದೊಂದೇ ಗುಳ್ಳೆ ಒಡೆದು ಮಾಯವಾಗುವವರೆಗೂ ಕಾಣುತ್ತದೆ.

ಇಳಿದು ಒಂದು ಮುಷ್ಟಿ ತೆಗೆದುಕೊಂಡೆ. ನುಣ್ಣಗಿಲ್ಲ, ಒಂದೊಂದು ಕಾಳೂ ಬೇರೆ ಬೇರೆ, ನಿಜವಾಗಿಯೂ ಎಳ್ಳಿನಷ್ಟೇ ದಪ್ಪ. ಸುತ್ತಲಿನ ಕರಿ ಬಂಡೆ ಸವೆದು ಆಗಿದ್ದಂತೆ. ಒದ್ದೆ ಕೈಗೆ ಅಂಟಿದ್ದು ಒಣಗಿದ ಮೇಲೆ ತಾನೇ ಉದುರಿತು. ನಡುವೆ ಚಿಪ್ಪಿನ ಬಿಳಿ ಚೂರುಗಳು. ಹತ್ತೂವರೆ ಬಿಸಿಲಿಗೇ ಆ ಮರಳು ಕಾದ ಬಾಣಲೆಯ ಹಾಗಾಗಿತ್ತು. ಕಪ್ಪು ಬೇಗ ಕಾಯುತ್ತದಲ್ವಾ. ಭಾವ ಬರಿಗಾಲಲ್ಲಿ ಕುಣಿಯುತ್ತ ನೀರಿಗೆ ಓಡಿದ್ದನ್ನು ವಿಡಿಯೋ ಮಾಡಿದ್ದೇನೆ. ಅಕ್ಕನಿಗೆ ಮಾತ್ರ ಕಳಿಸಿದೆ.

ವಾಪಸು ಬರುವಾಗ ಬಸ್ಸು ಬೇಗ ಸಿಗಲಿಲ್ಲ. ಹನ್ನೊಂದಕ್ಕೆ ಬರುತ್ತೇನೆ ಅಂದಿದ್ದ ಆಟೋದವನೂ ಬರಲಿಲ್ಲ. ಹೇಗೋ ಒಂದು ಟೆಂಪೋ ಹತ್ತಿ ಸದಾಶಿವಗಡದಲ್ಲಿ ಇಳಿದಾಗ ಒಂದು ಗಂಟೆ. ನೆತ್ತಿ ಸುಡುವ ಬಿಸಿಲು. "ಕನ್ನಡಕ" ಅಂದರು ಭಾವ. ಎರಡನೇ ಸಲ ಹತ್ತಿದೆವು.

ಆ ಹೊತ್ತಿಗೆ ಮೇಲೆ ಯಾರೂ ಇರಲಿಲ್ಲ, ಎರಡು ನಾಯಿ ಬಿಟ್ಟರೆ. ನಿನ್ನೆ ಅಷ್ಟೊಂದು ಬೆನ್ನುಗಳ ನಡುವೆ ಕಾಣದೇ ಹೋಗಿದ್ದೆಲ್ಲ ಈಗ ಕಂಡಿತು. ಕೋಟೆ ಅಂತ ಹೇಳಿಕೊಳ್ಳುವಂಥದ್ದು ಜಾಸ್ತಿ ಉಳಿದಿಲ್ಲ. ಅಲ್ಲಲ್ಲಿ ಕಲ್ಲಿನ ಗೋಡೆಯ ತುಂಡು, ಅದರ ಬಿರುಕಿನಲ್ಲಿ ಬೇರು ಬಿಟ್ಟ ಅತ್ತಿ, ಆಲದ ಜಾತಿಯ ಗಿಡ. ಸೋಂದೆಯ ಅರಸ ಬಸವಲಿಂಗ ಹದಿನೆಂಟನೇ ಶತಮಾನದ ಮೊದಲ ಭಾಗದಲ್ಲಿ ಇದನ್ನು ಕಟ್ಟಿಸಿ ತನ್ನ ಅಪ್ಪನ ಹೆಸರಿಟ್ಟ. 1752ರಲ್ಲಿ ಪೋರ್ಚುಗೀಸರು ಹಿಡಿದರು. ಆಮೇಲೆ ಹೈದರಾಲಿ, ಕೊನೆಗೆ ಇಂಗ್ಲಿಷರು. ಇಷ್ಟು ಸಣ್ಣ ಗುಡ್ಡಕ್ಕೆ ಅಷ್ಟೊಂದು ಜನ ಯಾಕೆ ಬಡಿದಾಡಿದರು ಅನ್ನುವುದು ಅಂಚಿಗೆ ಬಂದು ನಿಂತರೆ ತಿಳಿಯುತ್ತದೆ. ಕಾಳಿಯೊಳಗೆ ಬರುವ ಒಂದೊಂದು ದೋಣಿಯೂ ಈ ಗುಡ್ಡದ ಬುಡದಲ್ಲೇ ಹಾಯಬೇಕು. ಮೇಲಿನಿಂದ ಕಲ್ಲೆಸೆದರೂ ಸಾಕು, ತೋಪು ಯಾಕೆ?

ಎದುರಿಗೆ ದೇವಬಾಗದ ಮರಳ ನಾಲಿಗೆ, ಅದರ ಮೇಲೆ ಗಾಳಿಮರಗಳ ಸಾಲು. ಆಚೆ ಕೂರ್ಮಗಡ ದ್ವೀಪ, ಹೆಸರಿಗೆ ತಕ್ಕ ಹಾಗೆ ಆಮೆ ಕೂತಂತೆ. ಎಡಕ್ಕೆ ಕಾರವಾರದ ಬಾಗಿದ ದಂಡೆ, ಬೈತಖೋಲ ಬಂದರು. ಕೆಳಗೆ ಹೊಳೆಯಲ್ಲಿ ಮುರಿದ ಸೇತುವೆಯ ಕಂಬಗಳು, ಮೇಲೇನೂ ಹೊರದೆ ಸುಮ್ನೆ ನಿಂತಿದ್ದವು.

ನಿನ್ನೆ ಕೂತಿದ್ದ ಕಟ್ಟೆಯ ಮೇಲೆ ಕನ್ನಡಕ ಇರಲಿಲ್ಲ. ಇಳಿಯುವಾಗ ಕೆಳಗಿನ ಗೂಡಂಗಡಿಯಲ್ಲಿ ಸೋಡಾ ಕೇಳಿದೆವು. ಅಂಗಡಿಯ ಹೆಂಗಸು ಬರಣಿಗಳ ಹಿಂದೆ ಕೈ ಹಾಕಿ ಡಬ್ಬಿ ತೆಗೆದಿಟ್ಟರು. "ನಿನ್ನೆ ಪೋರಗಳು ತಂದುಕೊಟ್ಟವು. ಓದೋ ಕನ್ನಡಕ, ಯಾರೋ ವಯಸ್ಸಾದವರದ್ದು, ಬಂದೇ ಬರ್ತಾರೆ ಅಂದೆ." ವಯಸ್ಸಾದವರು ಅಂದಿದ್ದಕ್ಕೆ ಭಾವನಿಗೆ ಸ್ವಲ್ಪ ಮುನಿಸು. ಆದರೂ ಎರಡು ಸೋಡಾ ಜಾಸ್ತಿ ಕುಡಿದರು.

ಸಂಜೆ ಕಾರವಾರದ ದಂಡೆಯಲ್ಲೇ ಇದ್ದೆವು. ಅದಕ್ಕೆ ರವೀಂದ್ರನಾಥ ಟ್ಯಾಗೋರ್ ಕಡಲತೀರ ಅಂತ ಹೆಸರು. 1880ರ ದಶಕದ ಮೊದಲಲ್ಲಿ ಟ್ಯಾಗೋರ್ ಇಲ್ಲಿ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿದ್ದರು. ಅಣ್ಣ ಇಲ್ಲಿ ನ್ಯಾಯಾಧೀಶರು. ಒಂದು ಬೆಳದಿಂಗಳ ರಾತ್ರಿ ಇವರೆಲ್ಲ ದೋಣಿಯಲ್ಲಿ ಕಾಳಿಯ ಮೇಲೆ ಹೋಗಿ, ದಾರಿಯಲ್ಲಿ ಒಂದು ಗುಡ್ಡದ ಕೋಟೆಯ ಹತ್ತಿರ ಇಳಿದು, ಇಳಿತದ ಜೊತೆ ತೇಲಿಕೊಂಡು ವಾಪಸು ಬಂದರಂತೆ. ನದಿಯ ಬಾಯಿ ಮುಟ್ಟುವುದಕ್ಕೇ ತಡವಾಗಿ, ಅಲ್ಲಿಂದ ಮನೆಗೆ ಮರಳ ಮೇಲೆ ನಡೆದೇ ಹೋದರಂತೆ. ಭಾವನಿಗೆ ಇದನ್ನು ಹೇಳಿದೆ. ಕವಿಯ ವಿಷಯ ಅವರ ಕಿವಿಗೆ ಬೀಳಲಿಲ್ಲ. "ಇಳಿತದ ಜೊತೆ ಬಂದ್ರಾ? ಹಂಗಾದ್ರೆ ಇಳಿತಕ್ಕೆ ಹೊಳೆ ಹೊರಗೆ ಹರಿಯೋದು ಕಣ್ಣಿಗೇ ಕಾಣಬೇಕಲ್ಲ!" ಎದ್ದು ಹೋಗಿ ಒಬ್ಬ ಮೀನುಗಾರನನ್ನು ಕೇಳಿಕೊಂಡು ಬಂದರು. "ನಾಳೆ ಬೆಳಿಗ್ಗೆ ಸುಕತಿಯಂತೆ. ಐದೂವರೆಗೆ ಏಳು."

ಮೂರನೇ ದಿನ, ಭಾನುವಾರ

ಕತ್ತಲಲ್ಲೇ ಹತ್ತಿದೆವು. ಟಾರ್ಚು ನನ್ನ ಕೈಲಿ. ಭಾವ ಮುಂದೆ. ಎಲ್ಲೂ ನಿಲ್ಲಲಿಲ್ಲ.

ಸೂರ್ಯ ಇಲ್ಲಿ ಬೇಗ ಬರುವುದಿಲ್ಲ. ಪೂರ್ವಕ್ಕೆ ಸಹ್ಯಾದ್ರಿ ಅಡ್ಡ. ಬೆಳಕು ಮಾತ್ರ ಮೊದಲು ಬಂತು. ಒಳನಾಡಿನ ಕಡೆ ಕಾಳಿಯ ಮೇಲೆ ಮಂಜು ಮಲಗಿತ್ತು, ಎತ್ತಿ ಮಡಿಸಿಡಬಹುದು ಅನ್ನುವಷ್ಟು ದಪ್ಪ. ಅದರಿಂದ ಹೊರಬಂದ ನೀರು ಸೇತುವೆಯ ಕಂಬಗಳನ್ನು ಹಾದು, ನಮ್ಮ ಕಾಲಡಿಗೆ ಬಂದು, ಮರಳ ನಾಲಿಗೆಯನ್ನು ಸುತ್ತಿ ಸಮುದ್ರಕ್ಕೆ ಹೋಗುತ್ತಿತ್ತು. ಮೇಲಿನಿಂದ ನೋಡಿದರೆ ಹರಿಯುತ್ತಿರುವುದು ಗೊತ್ತೇ ಆಗುವುದಿಲ್ಲ. ಒಂದೊಂದು ಕಂಬದ ಹಿಂದೆ ನೀರು ಸೀಳಿ ಎಳೆದ ಗೆರೆ ನೋಡಿದರೆ ಗೊತ್ತಾಗುತ್ತದೆ. ಆ ಗೆರೆಗಳೆಲ್ಲ ಸಮುದ್ರದ ಕಡೆಗಿದ್ದವು.

ಬಾಯಿಯ ಆಚೆ ಹೊಳೆ ಅಲ್ಲಿಗೇ ಮುಗಿದಿರಲಿಲ್ಲ. ಕಂದು ಹಸಿರು ನೀರು ಸಮುದ್ರದೊಳಗೂ ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ಹೋಗಿತ್ತು. ಅದು ನಿಂತು ನೀಲಿ ಶುರುವಾಗುವ ಕಡೆ ನೊರೆಯ ಸಣ್ಣ ಗೆರೆ, ಡೊಂಕು ಡೊಂಕು. ಗೆರೆಯ ಉದ್ದಕ್ಕೂ ಹಕ್ಕಿಗಳು ಏಳುತ್ತ, ಕೂರುತ್ತ ಇದ್ದವು. ಮೀನು ಅಲ್ಲಿ ಸೇರುತ್ತದೇನೋ. ಪಾತಿ ದೋಣಿಯೊಂದು ಸರಿಯಾಗಿ ಆ ಗೆರೆಯ ಮೇಲೆಯೇ ನಿಂತಿತ್ತು.

ಭಾವ ಕನ್ನಡಕ ಹಾಕಿಕೊಂಡರು, ಓದುವ ಕನ್ನಡಕವನ್ನೇ. ಏನೂ ಕಾಣಲಿಲ್ಲವೇನೋ, ತೆಗೆದರು.

"ಇದೇ ನೀರು ನೋಡು" ಅಂದರು. "ಸೂಪಾದಲ್ಲಿ ಒಂದು ಸಲ ಕರೆಂಟು ತೆಗೀತೀವಿ. ನಾಗಝರಿಯಲ್ಲಿ ಮತ್ತೊಂದು ಸಲ. ಆಮೇಲೆ ಕೊಡಸಳ್ಳಿ, ಆಮೇಲೆ ಕದ್ರಾ. ನಾಲ್ಕು ಸಲ ಹಿಂಡಿ ಬಿಡ್ತೀವಿ. ಇಷ್ಟಾದ ಮೇಲೂ ಇಷ್ಟು ದೂರ ಬಂದಿದೆ."

ನಿವೃತ್ತರಾಗಿ ಆರು ವರ್ಷವಾದರೂ "ತೆಗೀತೀವಿ" ಅನ್ನುವುದು ಹೋಗಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಾನು ಯಾವತ್ತೂ ಕೇಳಿರದ ಮಾತು ತೆಗೆದರು. ಸೂಪಾ ಅಂತ ಒಂದು ಊರಿತ್ತಲ್ಲ, ತಾಲ್ಲೂಕು ಕೇಂದ್ರ. ನೀರು ನಿಂತಾಗ ಅದು ಮುಳುಗಿತು. ಜನರಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ಆ ಮಳೆಗಾಲ ಭಾವನದು ನೀರಿನ ಮಟ್ಟ ಬರೆದುಕೊಳ್ಳುವ ಕೆಲಸ. ದಿನಾ ಬೆಳಿಗ್ಗೆ ಅಳತೆಗೋಲು ನೋಡಿ ಪುಸ್ತಕದಲ್ಲಿ ಬರೆಯುವುದು. "ಒಬ್ಬ ಮುದುಕ ಬಂದು ಪಕ್ಕದಲ್ಲಿ ನಿಲ್ತಿದ್ದ. ಇವತ್ತು ಎಷ್ಟು ಅಂತ ಕೇಳ್ತಿದ್ದ. ನಾನು ಹೇಳ್ತಿದ್ದೆ. ಹೂಂ ಅಂದು ಹೋಗ್ತಿದ್ದ. ಅವನ ಮನೆ ಎಲ್ಲಿತ್ತು ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಒಂದಿನ ಬರೋದು ನಿಲ್ಲಿಸಿದ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಫ್ಲಾಸ್ಕಿನಲ್ಲಿದ್ದ ಚಹಾ ಬಗ್ಗಿಸಿಕೊಟ್ಟೆ.

ಬಿಸಿಲು ಕೊನೆಗೂ ಗುಡ್ಡ ದಾಟಿ ಬಂತು. ಮೊದಲು ಕೂರ್ಮಗಡದ ನೆತ್ತಿಗೆ, ಆಮೇಲೆ ಗಾಳಿಮರಗಳಿಗೆ, ಆಮೇಲೆ ನೀರಿಗೆ. ಕೆಳಗೆ ಹೊಳೆಯೊಳಗಿಂದ ನಾಲ್ಕಾರು ದೋಣಿ ಸಾಲಾಗಿ ಹೊರಟಿದ್ದವು. ಕರಕರ ಎಂಜಿನ್ ಸದ್ದು ದೋಣಿ ನಮ್ಮ ಬುಡದಲ್ಲಿದ್ದಾಗ ಮಾತ್ರ ಮೇಲೆ ಬರುತ್ತಿತ್ತು, ದಾಟಿದ ತಕ್ಷಣ ಗಾಳಿ ಒಯ್ಯುತ್ತಿತ್ತು. ಭಾವ ಅವುಗಳನ್ನು ಎಣಿಸುತ್ತಿದ್ದರು. ಮೊದಲನೆಯದು ನೊರೆಯ ಗೆರೆ ದಾಟಿ ನೀಲಿಗೆ ಹೋದಾಗ ಸಣ್ಣಗೆ ಓಲಾಡಿತು. ಎರಡನೆಯದೂ ಅಲ್ಲೇ ಓಲಾಡಿತು. ಮೂರನೆಯದು ಬರುವವರೆಗೂ ನಾವಿಬ್ಬರೂ ಕಾದೆವು. ಅದೂ ಅಲ್ಲೇ.

"ಕಂಡಿತಾ?" ಅಂದರು ಭಾವ.

"ಕಂಡಿತು ಭಾವ."

ಅವರು ಕನ್ನಡಕದ ಡಬ್ಬಿಯನ್ನು ಜೇಬಿಗೆ ಹಾಕಿ, ಮೇಲಿನಿಂದ ಒಂದು ಸಲ ತಟ್ಟಿ ನೋಡಿಕೊಂಡರು. ಗಂಟೆ ಏಳು ದಾಟಿತ್ತು.

"ನಡಿ ನಡಿ. ಬನ್ಸ್ ಇವತ್ತೂ ಖಾಲಿಯಾಗುತ್ತೆ."